ನೆರಳಿನ ಹೊಲಿಗೆ

ಪೋಲ್ಕ ತೊಟ್ಟವಳು ಕೈ ಎತ್ತಿದರೆ ಪೋಲ್ಕ ಮೇಲೇರಬಾರದು. ಮದುವೆಯಾಗಿ ಬಂದ ವರ್ಷ ಅತ್ತೆ ನನ್ನನ್ನು ಹೊಲಿಗೆ ಮಿಶಿನ್ನಿನ ಮುಂದೆ ಕೂರಿಸಿ ಹೇಳಿದ ಮೊದಲ ಮಾತು ಇದು. ಕೊಕ್ಕೆ ಯಾವ ಕಡೆ ಇರಬೇಕು, ಕೊರಳಪಟ್ಟಿಗೆ ಓರೆ ಬಟ್ಟೆಯೇ ಯಾಕೆ ಬೇಕು, ಎದೆಯ ಅಳತೆ ತೆಗೆಯುವಾಗ ಹೆಂಗಸಿಗೆ ಉಸಿರು ಬಿಡಲು ಹೇಳಬೇಕೇ ಹೊರತು ಹಿಡಿಯಲು ಹೇಳಬಾರದು ಎಂಬುದೆಲ್ಲ ಆಮೇಲೆ ಬಂತು.

ನಮ್ಮ ಕಡೆ ರವಿಕೆಗೆ ಪೋಲ್ಕ ಎನ್ನುತ್ತೇವೆ. ಈ ಸೀಮೆ ಮುಂಬಯಿ ಸರಕಾರದ ಕೆಳಗಿದ್ದ ಕಾಲದಲ್ಲಿ ಮರಾಠಿಯಿಂದ ಬಂದ ಮಾತು. ಸರಕಾರ ಹೋಯಿತು, ಪೋಲ್ಕ ಉಳಿಯಿತು. ಶಿರಸಿಯ ಪೇಟೆಯ ಹಿಂದಿನ ಓಣಿಯಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಪೋಲ್ಕ ಹೊಲಿಯುತ್ತಿದ್ದೇನೆ. ಅಳತೆ ಬರೆದಿಡುವ ಪುಸ್ತಕ ಈಗ ಒಂಬತ್ತನೆಯದು. ಅದರಲ್ಲಿ ಎದೆ, ಸೊಂಟ, ತೋಳಿನ ಸುತ್ತಳತೆಯ ಜೊತೆಗೆ ಇನ್ನಷ್ಟು ವಿಷಯ ಗೀಚಿಡುವುದು ನನ್ನ ಚಟ: ‘ಎಡ ಹೆಗಲು ಅರ್ಧ ಇಂಚು ಕೆಳಗೆ’, ‘ಬಾಣಂತಿ, ಮುಂದೆ ಬಿಚ್ಚುವಂತಿರಲಿ’, ‘ಹಸಿರು ಬೇಡವೇ ಬೇಡ ಎಂದಿದ್ದಾಳೆ’.

ನಮ್ಮ ಪೋಲ್ಕದಲ್ಲಿ ಬೇರೆ ಯಾವ ಟೇಲರನ ಹತ್ತಿರವೂ ಇಲ್ಲದ ಒಂದು ಹೊಲಿಗೆ ಇದೆ. ಬೇರೆಯವರು ಎದೆಯ ಕೆಳಗೆ ಟಕ್ಸ್ ಹಿಡಿದು, ಎಂದರೆ ಬಟ್ಟೆಯನ್ನು ಮೊನೆಯಾಗಿ ಮಡಿಸಿ ಹೊಲಿದು, ಮೈಗೆ ಕೂರಿಸುತ್ತಾರೆ. ನಾವು ಟಕ್ಸ್ ಹಿಡಿಯುವುದಿಲ್ಲ. ಕಂಕುಳಿನಿಂದ ಹೊರಟು ಸೊಂಟದ ಕಡೆಗೆ ಓರೆಯಾಗಿ ಇಳಿಯುವ ಗೆರೆಯಲ್ಲಿ ಬಟ್ಟೆಯನ್ನೇ ಎರಡು ತುಂಡು ಮಾಡಿ ಜೋಡಿಸುತ್ತೇವೆ. ಓರೆಗೆ ಕತ್ತರಿಸಿದ ಬಟ್ಟೆ ಕೈ ಎತ್ತಿದಾಗ ಸ್ವಲ್ಪ ಹಿಗ್ಗುತ್ತದೆ. ಹಾಗಾಗಿ ಸೊಂಟ ಬಿಗಿಯಾಗಿ ಕೂರುತ್ತದೆ, ತೋಳು ಮಾತ್ರ ಸ್ವತಂತ್ರ. ಈ ಹೊಲಿಗೆ ಅತ್ತೆಯದು.

ಇದು ಹುಟ್ಟಿದಾಗ ಅವರಿಗೆ ಹದಿನಾರೋ ಹದಿನೇಳೋ. ಅವರ ಅಣ್ಣ ಯಲ್ಲಾಪುರದಲ್ಲಿ ಒಬ್ಬ ನಾಟಾ ವ್ಯಾಪಾರಿಯ ಹತ್ತಿರ ಗುಮಾಸ್ತನಾಗಿದ್ದ. ಇವರು ಅಣ್ಣನ ಮನೆಯಲ್ಲಿದ್ದರು. ಸಾಗವಾನಿ ಕೊಳ್ಳಲು ಮುಂಬಯಿಯಿಂದ ಬಂದ ಯಾರೋ ಒಬ್ಬರು ಒಂದು ಮರಾಠಿ ವಾರಪತ್ರಿಕೆ ಬಿಟ್ಟು ಹೋದರು. ಅದರಲ್ಲಿ ಪ್ಯಾರಿಸ್ಸಿನ ಹೊಸ ಉಡುಪು ಎಂದು ಒಂದು ಚಿತ್ರ. ಅಗಲ ಟೊಪ್ಪಿಗೆಯ ಹೆಂಗಸು, ತಂಬಿಗೆಯ ಕಂಠದಂಥ ಸೊಂಟ, ಕೆಳಗೆ ಛತ್ರಿಯಂತೆ ಬಿಚ್ಚಿಕೊಂಡ ಲಂಗ. ಒಂದು ಕೈ ಸೊಂಟದ ಮೇಲೆ. ಕಂಕುಳಿನಿಂದ ಸೊಂಟಕ್ಕೆ ಒಂದು ಕಪ್ಪು ಗೆರೆ. ಅಷ್ಟು ಚಂದದ ಸೊಂಟ ಆ ಗೆರೆಯಿಂದಲೇ ಬಂದದ್ದು ಎಂದು ಅತ್ತೆ ತೀರ್ಮಾನಿಸಿದರು. ಅಣ್ಣನ ಹಳೆಯ ಧೋತರ ಹಾಸಿ, ಇದ್ದಿಲಿನಿಂದ ಆ ಗೆರೆ ಎಳೆದು, ಕತ್ತರಿಸಿದರು. ಮೂರು ಧೋತರ ಹಾಳಾದ ಮೇಲೆ ಒಂದು ಪೋಲ್ಕ ಸರಿಯಾಯಿತು.

ಅದನ್ನು ತೊಡಲು ಮನೆಯ ಹಿರಿಯರು ಬಿಡಲಿಲ್ಲ. ನಾಟಕದವರ ಪೋಲ್ಕ ಎಂದರು. ಇಡಗುಂದಿಯಿಂದ ಸೌದೆ ಹೊತ್ತು ತರುತ್ತಿದ್ದ ಹೆಂಗಸೊಬ್ಬಳಿಗೆ ಅತ್ತೆ ಅದನ್ನು ಕೊಟ್ಟುಬಿಟ್ಟರು. ಮುಂದಿನ ವಾರ ಅವಳು ಸೌದೆ ಇಳಿಸಿ, ಬೆವರು ಒರೆಸಿಕೊಂಡು, ಇಂಥದ್ದೇ ಇನ್ನೊಂದು ಬೇಕು ಎಂದಳಂತೆ. ಮದುವೆಯಾಗಿ ಸಿದ್ದಾಪುರದ ಕಡೆ ಹೋದ ಮೇಲೆ ಅತ್ತೆ ಅಲ್ಲಿಯೂ ಹೊಲಿದರು. ಮನೆಮಂದಿ ಶಿರಸಿಗೆ ಬಂದ ಮೇಲೆ ಇಲ್ಲಿಯೂ.

ಈಗ ಅವರಿಗೆ ಎಂಬತ್ತಾರು. ದಾರ ಪೋಣಿಸಲು ಆಗುವುದಿಲ್ಲ. ಆದರೆ ನಾನು ಬಟ್ಟೆಗೆ ಕತ್ತರಿ ಹಾಕುವಾಗ ಎದುರಿಗೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ.

ನಾಲ್ಕೈದು ವರ್ಷದಿಂದ ಮದುವಣಗಿತ್ತಿಯರು ಮೊಬೈಲಿನಲ್ಲಿ ಚಿತ್ರ ತೋರಿಸಿ ‘ರೆಟ್ರೋ ಬೇಕು ಆಂಟಿ’ ಎನ್ನುವುದು ಶುರುವಾಗಿದೆ. ದೋಣಿಯಾಕಾರದ ಕೊರಳು, ಮೊಣಕೈವರೆಗಿನ ತೋಳು, ಬಿಗಿದ ಸೊಂಟ. ಹಳೆಯ ಕಪ್ಪುಬಿಳುಪು ಸಿನಿಮಾದ ನಾಯಕಿಯರು ಕಣ್ಣಿಗೆ ಕಾಡಿಗೆ ಎಳೆದು ನಿಲ್ಲುತ್ತಿದ್ದರಲ್ಲ, ಹಾಗೆ ಆರತಕ್ಷತೆಗೆ ನಿಲ್ಲಬೇಕು. ನಾನು ನಗುತ್ತಿದ್ದೆ. ಇಡೀ ಜೀವಮಾನ ಅದನ್ನೇ ಹೊಲಿದವಳಿಗೆ ಅದನ್ನು ಹೊಸದು ಎಂದು ತೋರಿಸಿದರೆ ನಗದೆ ಇನ್ನೇನು? ಅಂಥ ಒಬ್ಬ ಮದುಮಗಳ ಫೋಟೋ ಎಲ್ಲೆಲ್ಲೋ ಸುತ್ತಿ ಬೆಂಗಳೂರಿನ ಒಬ್ಬ ಡಿಸೈನರಳ ಕಣ್ಣಿಗೆ ಬಿತ್ತು. ಕಳೆದ ಮಾಘದಲ್ಲಿ ಅವಳು ನಮ್ಮ ಮನೆಗೆ ಬಂದಳು.

ಮೂವತ್ತು ದಾಟಿದ ಹುಡುಗಿ, ಗಿಡ್ಡ ಕೂದಲು. ಮುಂಬಯಿಯಲ್ಲಿ ಫ್ಯಾಶನ್ ಓದಿದವಳು. ಕೂತವಳೇ ಕೇಳಿದಳು, “ಆಂಟಿ, ಪೋಲ್ಕ ಅಂದ್ರೆ ಚುಕ್ಕಿ ಚುಕ್ಕಿ ಇರೋದಾ?”

“ಚುಕ್ಕಿ ಬೇಕಾದ್ರೆ ಇಟ್ಟುಕೊಡ್ತೀನಿ. ಚುಕ್ಕಿ ಇಲ್ಲದಿದ್ರೂ ಪೋಲ್ಕವೇ” ಎಂದೆ.

ಅತ್ತೆ ಅವಳನ್ನು ಮೇಲಿನಿಂದ ಕೆಳಗೆ ನೋಡಿ ನನಗೆ ಹೇಳಿದರು, “ಅದಕ್ಕೆ ಚಾ ಕೊಡೆ. ಅದು ದೂರದಿಂದ ಬಂಜು.”

ಹುಡುಗಿಯ ಮುಖ ಸಣ್ಣದಾಯಿತು. “ನನ್ನನ್ನ ‘ಅದು’ ಅಂತಾರಲ್ಲ ಅಜ್ಜಿ?”

“ನಮ್ಮ ಮಾತಲ್ಲಿ ಹೆಂಗಸರೆಲ್ಲ ‘ಅದು’ನೇ. ನಾನೂ ಅದು. ಅವರ ಸ್ವಂತ ಅವ್ವನೂ ಅದು” ಎಂದೆ. ಹುಡುಗಿ ನಕ್ಕಳು. ಒಳ್ಳೆಯ ನಗು. ಅವಳ ಬಗ್ಗೆ ನನಗೆ ಕೊನೆಯವರೆಗೂ ದ್ವೇಷ ಬರಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ.

ಮುಂಬಯಿಯಲ್ಲಿ ಅವಳದೊಂದು ಪ್ರದರ್ಶನ ನಡೆಯುವುದಿತ್ತು. ಯುದ್ಧ ಮುಗಿದ ಮೇಲೆ ಪ್ಯಾರಿಸ್ಸಿನಲ್ಲಿ ಹುಟ್ಟಿದ ಉಡುಪುಗಳೇ ಅದರ ವಿಷಯ. ಯುದ್ಧಕಾಲದಲ್ಲಿ ಬಟ್ಟೆಗೂ ಬರ, ಹೆಂಗಸರು ಸಿಪಾಯಿಗಳ ಹಾಗೆ ಚೌಕ ಹೆಗಲಿನ ಅಂಗಿ ತೊಟ್ಟು ಬೇಸತ್ತಿದ್ದರು, ಅದಕ್ಕೇ ಆಮೇಲೆ ಗಜಗಟ್ಟಲೆ ಬಟ್ಟೆ ಸುರಿದು ಲಂಗ ಹೊಲಿದರು, ಸೊಂಟ ಬಿಗಿದರು ಎಂದು ವಿವರಿಸಿದಳು. ಇವತ್ತಿನ ದೊಡ್ಡ ದೊಡ್ಡ ಡಿಸೈನರುಗಳು ವರ್ಷ ಬಿಟ್ಟು ವರ್ಷ ಮತ್ತೆ ಅದೇ ಪೆಟ್ಟಿಗೆ ತೆಗೆಯುತ್ತಾರಂತೆ. ಆ ನಿಲುವು, ಆ ಬೆಡಗು ಯಾರಿಗೂ ಮರೆಯಲು ಆಗಿಲ್ಲವಂತೆ. “ಆ ಕಾಲದ ಕಟ್ ನಿಮ್ಮಲ್ಲಿ ಜೀವಂತ ಇದೆ ಆಂಟಿ!” ಎಂದು ನಮ್ಮ ಹೊಲಿಗೆಯ ಮೇಲೆ ಬೆರಳಾಡಿಸಿದಳು. ಅತ್ತೆಯ ಕಿವಿ ಕೆಂಪಾಯಿತು. ಮೆಚ್ಚುಗೆ ಬಂದಾಗ ಅವರಿಗೆ ಹಾಗೆ.

ಹನ್ನೆರಡು ಪೋಲ್ಕದ ಕೆಲಸ ಕೊಟ್ಟು ಹೋದಳು. ಕಚ್ಚಾ ರೇಷ್ಮೆ, ದಂತದ ಬಣ್ಣ. ಮರುದಿನದಿಂದಲೇ ಕತ್ತರಿಸಲು ಕೂತೆ. ಎಂಟು ದಿನದಲ್ಲಿ ಹನ್ನೆರಡೂ ಕತ್ತರಿಸಿ, ಮೂರಕ್ಕೆ ಹೊಲಿಗೆ ಹಾಕಿ ಮುಗಿಸಿದ್ದೆ.

ಎರಡನೆಯ ಸಲ ಬಂದಾಗ ಮುಗಿದ ಮೂರನ್ನು ಅವಳು ಬೆಳಕಿಗೆ ಹಿಡಿದು ನೋಡಿ ಖುಷಿಪಟ್ಟಳು. ಆ ಖುಷಿಯಲ್ಲಿ ಅತ್ತೆ ಒಳಗೆ ಹೋಗಿ, ಹಳೆಯ ಪಂಚಾಂಗದ ಹಾಳೆಗಳ ನಡುವೆ ಇಟ್ಟಿದ್ದ ಆ ಚಿತ್ರ ತಂದರು. ಕಾಗದ ಚಾದ ಬಣ್ಣಕ್ಕೆ ತಿರುಗಿತ್ತು. ಹುಡುಗಿ ನೋಡಿದವಳೇ, “ಅಯ್ಯೋ, ಇದು ನಮ್ಮ ಕಾಲೇಜಿನ ಪಾಠದಲ್ಲೇ ಇತ್ತು!” ಎಂದು ಮೊಬೈಲಿನಲ್ಲಿ ಅದೇ ಫೋಟೋ ಹುಡುಕಿ ತೆಗೆದಳು. ಪತ್ರಿಕೆಯದು ಒರಟು ಚುಕ್ಕಿಗಳ ಮುದ್ರಣ. ಇದು ಈಗ ತೆಗೆದಷ್ಟು ಸ್ವಚ್ಛ. ಅವಳು ಬೆರಳಿನಿಂದ ಅದನ್ನು ದೊಡ್ಡದು ಮಾಡಿದಳು. ಇನ್ನೂ ದೊಡ್ಡದು ಮಾಡಿದಳು.

“ಅಜ್ಜಿ, ಇಲ್ಲಿ ಹೊಲಿಗೆ ಇಲ್ಲ.”

“ಇಲ್ಲೆ ಅಂದ್ರೆ ಎಂತ?”

“ಇದು ಅವಳ ತೋಳಿನ ನೆರಳು. ಕೈ ಸೊಂಟದ ಮೇಲಿದೆಯಲ್ಲ, ದೀಪ ಈ ಕಡೆಯಿಂದ ಬಿದ್ದಿದೆ. ನೆರಳನ್ನ ನೀವು ಹೊಲಿಗೆ ಅಂದ್ಕೊಂಡ್ರಿ!” ಅವಳಿಗೆ ನಗು ತಡೆಯಲಾಗಲಿಲ್ಲ. ಕೆಟ್ಟ ನಗುವಲ್ಲ. ಆದರೂ ನಗು ನಗುವೇ.

ನಾನು ಕನ್ನಡಕ ಹಾಕಿಕೊಂಡು ನೋಡಿದೆ. ನೆರಳೇ. ಅನುಮಾನವೇ ಇರಲಿಲ್ಲ. ಬಟ್ಟೆಯ ನೇಯ್ಗೆ ಆ ಗೆರೆಯ ಅಡಿಯಲ್ಲಿ ತುಂಡಾಗದೆ ಹಾಗೇ ಹೋಗುತ್ತಿತ್ತು. ಅತ್ತೆಗೆ ಮೊಬೈಲು ಕಾಣಿಸಲಿಲ್ಲ. ನನ್ನ ಮುಖ ಕಾಣಿಸಿತು. ಚಿತ್ರವನ್ನು ಪಂಚಾಂಗದೊಳಗೆ ಮಡಿಸಿಟ್ಟು ಎದ್ದು ಒಳಗೆ ಹೋದರು.

ಅಲ್ಲಿಂದ ಡಿಸೈನರಳ ಧಾಟಿ ಬದಲಾಯಿತು. ಪ್ರದರ್ಶನಕ್ಕೆ ಬರುವವರು ಬಟ್ಟೆ ಬಲ್ಲವರು, ಪ್ಯಾರಿಸ್ಸಿನ ಕಟ್ ಎಂದು ಹೇಳಿ ಈ ಜೋಡಣೆ ತೋರಿಸಿದರೆ ತಪ್ಪು ಹಿಡಿಯುತ್ತಾರೆ, ತನ್ನ ಹೆಸರು ಕೆಡುತ್ತದೆ ಎಂದಳು. ಬೇರೆ ರೇಷ್ಮೆ ಕಳಿಸುತ್ತೇನೆ, ಓರೆ ಹೊಲಿಗೆ ತೆಗೆದು ಆ ಫೋಟೋದಲ್ಲಿರುವ ಹಾಗೆ ಟಕ್ಸ್ ಹಿಡಿದು ಹೊಲಿಯಿರಿ ಎಂದಳು. ಕತ್ತರಿಸಿದ್ದನ್ನು ಮತ್ತೆ ಕೂಡಿಸಲಾಗದು ಎಂಬುದು ಅವಳಿಗೂ ಗೊತ್ತಿತ್ತು. ಆ ರೇಷ್ಮೆ ಹೋದರೆ ಹೋಗಲಿ ಎಂದಳು.

“ಯೋಚನೆ ಮಾಡ್ತೀನಿ” ಎಂದೆ. ಯೋಚನೆ ಮಾಡುವಂಥದ್ದು ಏನೂ ಇರಲಿಲ್ಲ. ನನ್ನ ಉತ್ತರ ಆಗಲೇ ಗಂಟಲಲ್ಲಿ ಕೂತಿತ್ತು. ಬೇರೆ ರೇಷ್ಮೆಯ ಪಾರ್ಸೆಲ್ ಐದನೇ ದಿನ ಬಂತು. ನಾನು ಅದನ್ನು ಬಿಚ್ಚದೆ ಕಪಾಟಿನ ಮೇಲಿಟ್ಟೆ.

ಕಷ್ಟ ಕೊಟ್ಟದ್ದು ಡಿಸೈನರಳಲ್ಲ, ಅತ್ತೆ. ಕುರ್ಚಿ ಹಾಕಿಕೊಂಡು ಕೂರುವುದನ್ನು ಬಿಟ್ಟರು. ಅಳತೆ ಕೊಡಲು ಬಂದವರಿಗೆಲ್ಲ ತಾವಾಗಿಯೇ, “ಎಂಗಳ ಪೋಲ್ಕ ತಪ್ಪಡಾ. ಬೇರೆ ಕಡೆ ಕೊಡಿ” ಎನ್ನತೊಡಗಿದರು. ಎಪ್ಪತ್ತು ವರ್ಷ ತನ್ನದು ಎಂದು ಎದೆ ಎತ್ತಿಕೊಂಡು ತಿರುಗಿದ ಒಂದೇ ಒಂದು ಸಂಗತಿ ಅವರಿಗೆ ಅದು. ಮನೆ ಗಂಡನದು, ಊರು ಗಂಡನದು, ಹೆಸರೂ ಮದುವೆಯಲ್ಲಿ ಬದಲಾದದ್ದು. ಹೊಲಿಗೆ ಮಾತ್ರ ಅವರದಾಗಿತ್ತು. ಈಗ ಅದೂ ಯಾರದೋ ತೋಳಿನ ನೆರಳು ಎಂದಾಯಿತು.

“ಆ ಕೂಸು ಹೇಳಿದ ಹಾಂಗೆ ಹೊಲದುಕೊಡು” ಎಂದರು ಒಂದು ಬೆಳಿಗ್ಗೆ, ಕಾಯಿ ತುರಿಯುತ್ತ.

“ಆನು ಹೊಲೀತ್ನಿಲ್ಲೆ.”

“ತಪ್ಪು ಹೇಳಿ ಗೊತ್ತಾದ ಮೇಲೆ ತಿದ್ದವು. ಹಠ ಎಂತಕ್ಕೆ?”

“ಇಪ್ಪತ್ತಾರು ವರ್ಷ ಎಂಗೆ ಕಲಿಸಿದ್ದು ತಪ್ಪಾ ಹಾಂಗಾದ್ರೆ?”

“ಹೌದು ತಪ್ಪೇ” ಎಂದು ಕಾಯಿಯ ಕಡಿಯನ್ನು ಜೋರಾಗಿ ತುರಿಮಣೆಗೆ ಒತ್ತಿದರು. “ಎಂಗೆ ಕಣ್ಣು ಸರಿ ಇದ್ದಾಗ್ಲೇ ಕಂಡಿದ್ದಿಲ್ಲೆ. ಈಗ ಎಂತ ಕಾಣ್ತು?”

ನಾನು ವಾದಕ್ಕೆ ಹುಟ್ಟಿದವಳಲ್ಲ. ಮನೆಯಲ್ಲಿ ಉಪ್ಪು ಹೆಚ್ಚಾದರೆ ನೀರು ಬೆರೆಸುವವಳು. ಆದರೆ ಈ ಒಂದು ವಿಷಯದಲ್ಲಿ ನಾನು ಒಪ್ಪಲಿಲ್ಲ. ಆ ಹೊಲಿಗೆ ಕಂಡುಹಿಡಿದವರೇ ಬೇಡ ಎಂದರೂ ಒಪ್ಪಲಿಲ್ಲ. ಯಾಕೆ ಎಂಬುದು ರಾತ್ರಿ ನಿದ್ದೆಗೆಟ್ಟು ಕಂಡುಕೊಂಡ ಸತ್ಯವೇನಲ್ಲ. ಅಳತೆ ಪುಸ್ತಕ ಮಗುಚುತ್ತಿದ್ದಾಗ ಇಡಗುಂದಿಯ ಪುಟ ಸಿಕ್ಕಿತು. ಆ ಮೊದಲ ಪೋಲ್ಕ ತೊಟ್ಟ ಸೌದೆಯ ಹೆಂಗಸಿನ ಮಗಳದು. ಅವಳೂ ಅರಣ್ಯದ ನರ್ಸರಿಯಲ್ಲಿ ದುಡಿದು ಈಗ ಎಂಬತ್ತರ ಹತ್ತಿರ ಬಂದವಳು. ‘ವರ್ಷಕ್ಕೆ ಎರಡು. ಕೈಬುಡ ಸಡಿಲ. ಬೇರೆ ಯಾರು ಹೊಲಿದರೂ ತೊಡುವುದಿಲ್ಲ’ ಎಂದು ನನ್ನದೇ ಅಕ್ಷರ.

ಆ ವರ್ಷದ ಎರಡು ಪೋಲ್ಕ ಕೊಡುವುದಿತ್ತು. “ಇಡಗುಂದಿಗೆ ಬಪ್ಪಲಾಗ್ತಾ?” ಎಂದು ಅತ್ತೆಯನ್ನು ಕೇಳಿದೆ. ಆಗ್ತಿಲ್ಲೆ ಎಂದರು, ಸೊಂಟ ಎಂದರು, ಬಿಸಿಲು ಎಂದರು. ಬಸ್ಸಿನ ಹೊತ್ತಿಗೆ ನೋಡಿದರೆ ಚಪ್ಪಲಿ ಮೆಟ್ಟಿ ನಿಂತಿದ್ದರು. ಯಲ್ಲಾಪುರದಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನದೊಳಗೆ ಇಡಗುಂದಿ ತಲುಪಿದೆವು.

ಅವಳು ಅಂಗಳದಲ್ಲಿ ಒಣಹಾಕಿದ ಬಟ್ಟೆ ತೆಗೆಯುತ್ತಿದ್ದಳು. ಅತ್ತೆಯನ್ನು ಕಂಡು, “ಏನ್ರಿ ಅಮ್ಮ, ಯಮ ಕರ್ಯಾಕ್ ಬರೋಕ್ ಮುಂಚೆ ನೀವೇ ಬಂದ್ರಿ!” ಎಂದು ನಕ್ಕಳು. ಬಾಯಲ್ಲಿ ಮೂರೇ ಹಲ್ಲು.

ಅತ್ತೆ ಕೂತೂ ಇರಲಿಲ್ಲ. “ಪೋಲ್ಕ ತಪ್ಪಂತೆ ಮಾರಾಯ್ತಿ. ನಿನ್ನ ಅವ್ವಂಗೆ ಕೊಟ್ಟಿದ್ದೂ ತಪ್ಪೇ, ನಿಂಗೆ ಕೊಡ್ತಿರೋದೂ ತಪ್ಪೇ. ಅದು ಹೊಲಿಗೆ ಅಲ್ಲವಂತೆ, ನೆರಳಂತೆ.”

“ಯಾರ ನೆಳ್ಳು?”

“ಪ್ಯಾರಿಸ್ಸು ಅಂತ ಊರು. ಅಲ್ಲಿ ಒಬ್ಬಳ ತೋಳಿಂದು.”

“ಆಕಿ ಏನ್ ಕೆಲ್ಸ ಮಾಡ್ತಿದ್ಲು?”

ಅತ್ತೆ ನನ್ನ ಮುಖ ನೋಡಿದರು. “ಫೋಟೋಕ್ಕೆ ನಿಲ್ತಿದ್ಲು” ಎಂದೆ ನಾನು.

“ಬರೇ ನಿಲ್ತಿದ್ಲಾ?” ಅವಳು ಹಗ್ಗದಿಂದ ಕೊನೆಯ ಪಂಚೆ ಎಳೆಯಲು ಎರಡೂ ಕೈ ಮೇಲೆತ್ತಿದಳು. “ಮತ್ತೆ ನಿಲ್ಲಾಕೆ ಹೊಲಿಗಿ ಯಾಕ್ ಬೇಕ್ರಿ ಅಮ್ಮ? ನಿಂತೋಳಿಗೆ ನೆಳ್ಳೇ ಸಾಕು. ನಾವು ಹೊರೆ ಹೊರೋರು.”

ಪಂಚೆ ಕೈಗೆ ಬಂತು. ಅವಳು ತೊಟ್ಟಿದ್ದ ಪೋಲ್ಕ ಸೊಂಟ ಬಿಟ್ಟು ಒಂದು ಬೆರಳಿನಷ್ಟೂ ಮೇಲೇರಲಿಲ್ಲ. ಅತ್ತೆ ಅದನ್ನೇ ನೋಡುತ್ತಿದ್ದರು. ಕಣ್ಣು ಕಿರಿದು ಮಾಡಿಕೊಂಡು, ಕತ್ತು ಓರೆ ಮಾಡಿಕೊಂಡು, ಗಿರಾಕಿಯನ್ನು ನೋಡುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, “ಅದರ ಎಡ ಕೈಬುಡ ಚೂರು ಬಿಗೀತು. ನೀನೇ ಹೊಲದಿದ್ದಾ ಇದು?” ಎಂದರು. ಹನ್ನೆರಡು ದಿನದಿಂದ ನನ್ನ ಕೈಕೆಲಸದ ಮೇಲೆ ಅವರ ಬಾಯಿಂದ ಒಂದು ದೂರೂ ಬಂದಿರಲಿಲ್ಲ. ಬೈಸಿಕೊಂಡು ನನಗೆ ಅಷ್ಟು ಹಿತವಾದದ್ದು ಅದೇ ಮೊದಲು.

ವಾಪಸಾಗುವಾಗ ಯಲ್ಲಾಪುರದಲ್ಲಿ ಬಸ್ಸು ಬದಲಿಸಿ ಅತ್ತೆ ಕಿಟಕಿ ಪಕ್ಕ ಕೂತರು. ಆಮೇಲೆ, “ಆ ಪ್ಯಾರಿಸ್ಸಿನದು ಕೈ ಎತ್ತಿದ್ದಿದ್ರೆ ಅದಕ್ಕೂ ಎನ್ನ ಹೊಲಿಗೆ ಬೇಕಾಗ್ತಿತ್ತು” ಎಂದರು. ಮುಂದಿನ ಸೀಟಿನವರು ತಿರುಗಿ ನೋಡಿದರು. ನೋಡಲಿ.

ಮರುದಿನದಿಂದ ಉಳಿದ ಒಂಬತ್ತು ಪೋಲ್ಕಕ್ಕೆ ಹೊಲಿಗೆ ಹಾಕಲು ಕೂತೆ. ಓರೆ ಹೊಲಿಗೆಯನ್ನೇ ಹಾಕಿದೆ. ನಾನೇನೂ ತಿಳಿಯದೆ ಮಾಡಿದ್ದಲ್ಲ. ಆ ಕಾಲದ ಪ್ಯಾರಿಸ್ಸಿನ ಉಡುಪು ಚಂದ, ನಾನು ಇಲ್ಲವೆನ್ನುವುದಿಲ್ಲ. ಆ ಚಿತ್ರ ಇಲ್ಲದಿದ್ದರೆ ನಮ್ಮ ಹೊಲಿಗೆಯೂ ಹುಟ್ಟುತ್ತಿರಲಿಲ್ಲ. ಆದರೆ ಅಲ್ಲಿ ಗಜಗಟ್ಟಲೆ ಸುರಿಯುತ್ತಿದ್ದ ಕಾಲದಲ್ಲಿ ಇಲ್ಲಿ ಒಬ್ಬ ಹುಡುಗಿ ಹರಿದ ಧೋತರದಲ್ಲಿ ತೋಳಿಗೆ ಜಾಗ ಹುಡುಕುತ್ತಿದ್ದಳು. ಬೆಡಗು ಎಂದರೆ ಅದು ಬೆಡಗಲ್ಲವೇ? ಇವತ್ತಿನವರು ಹಳೆಯ ಪೆಟ್ಟಿಗೆ ತೆಗೆಯುವುದಾದರೆ ಎಲ್ಲ ಪೆಟ್ಟಿಗೆಯನ್ನೂ ತೆಗೆಯಲಿ. ಒಂದೇ ಮನೆಯ ಪೆಟ್ಟಿಗೆಯಲ್ಲಿ ಇದ್ದದ್ದು ಸರಿ, ಉಳಿದವರದೆಲ್ಲ ತಪ್ಪು ಎಂದರೆ ನಾನು ಕೇಳುವವಳಲ್ಲ.

ಡಿಸೈನರ್ ಮೂರನೆಯ ಸಲ ಬಂದಾಗ ಹನ್ನೆರಡು ಪೋಲ್ಕ ಇಸ್ತ್ರಿಯಾಗಿ ಮಂಚದ ಮೇಲೆ ಸಾಲಾಗಿದ್ದವು. ಪಕ್ಕದಲ್ಲಿ ಬಿಚ್ಚದ ಪಾರ್ಸೆಲ್.

“ಆಂಟಿ! ನಾನು ಬೇಡ ಅಂದಿದ್ದೆ ಅಲ್ವಾ?”

“ಅಂದಿದ್ರಿ. ನಾನು ಯೋಚನೆ ಮಾಡ್ತೀನಿ ಅಂದಿದ್ದೆ. ಮಾಡಿದೆ.”

ಅವಳು ತಲೆ ಹಿಡಿದುಕೊಂಡು ಕೂತಳು. ನಾನು ಪಾರ್ಸೆಲ್ ಬಿಚ್ಚಿ, ಅವಳ ಎದುರೇ ಟಕ್ಸ್ ಹಿಡಿದು ಕಚ್ಚಾ ಹೊಲಿಗೆಯಲ್ಲಿ ಒಂದನ್ನು ಮಾಡಿಕೊಟ್ಟೆ. ಮಧ್ಯಾಹ್ನದ ಊಟದ ಹೊತ್ತಿಗೆ ಮುಗಿಯಿತು. ಎರಡನ್ನೂ ತೊಟ್ಟು ನೋಡಿ ಎಂದೆ. ಮೊದಲು ಅವಳ ಪ್ಯಾರಿಸ್ಸಿನದನ್ನು ತೊಟ್ಟು ಕನ್ನಡಿ ಮುಂದೆ ನಿಂತಳು. ನಿಂತಾಗ ಬಹಳ ಚಂದ. ಅತ್ತೆ ಕುರ್ಚಿಯಿಂದಲೇ, “ತಂಗೀ, ಮೇಲಿನ ಆ ಡಬ್ಬಿ ತೆಗೆದುಕೊಡು” ಎಂದರು. ಹುಡುಗಿ ಕೈ ಎತ್ತಿದಳು. ಪೋಲ್ಕ ಪಕ್ಕೆಲುಬಿಗೆ ಬಂತು, ಕಂಕುಳಲ್ಲಿ ಕಚ್ಚಾ ಹೊಲಿಗೆ ಚರಚರ ಬಿಟ್ಟಿತು. ಇನ್ನೊಂದು ತೊಟ್ಟಳು. ಕೈ ಎತ್ತಿದಳು. ಮತ್ತೆ ಎತ್ತಿದಳು. ಡಬ್ಬಿ ತೆಗೆಯುವುದನ್ನು ಮರೆತು ಹಾಗೇ ಕೈ ಎತ್ತಿಕೊಂಡು ಕನ್ನಡಿ ನೋಡುತ್ತ ನಿಂತಳು.

“ಡಬ್ಬಿ” ಎಂದರು ಅತ್ತೆ.

“ಸರಿ. ಹೊಲಿಗೆ ಇರಲಿ” ಎಂದಳು ಕೊನೆಗೆ. “ಆದ್ರೆ ಆಂಟಿ, ಪ್ರದರ್ಶನದ ಪುಸ್ತಕದಲ್ಲಿ ಪ್ಯಾರಿಸ್ ಪ್ರೇರಣೆ ಅಂತ ಅಚ್ಚಾಗಿಬಿಟ್ಟಿದೆ. ಅದನ್ನ ಬದಲಾಯಿಸೋಕೆ ಆಗಲ್ಲ.”

“ಬದಲಾಯಿಸಬೇಡಿ. ಪ್ಯಾರಿಸ್ಸಿಂದ ನೆರಳು ಬಂತು, ಸುಳ್ಳಲ್ಲ. ಹೊಲಿಗೆ ಎಲ್ಲಿಂದ ಬಂತು ಅಂತ ಒಳಗಡೆ ನಾನು ಬರೀತೀನಿ.”

ಕೊರಳ ಹಿಂದೆ ಹೊಲಿಯಲು ಅವಳ ಹೆಸರಿನ ರೇಷ್ಮೆಪಟ್ಟಿಗಳನ್ನು ಅವಳೇ ತಂದಿದ್ದಳು. ದೊಡ್ಡ ಬಟ್ಟೆಗೆಲ್ಲ ಹಾಗಂತೆ, ಹೊಲಿಸಿದವರ ಹೆಸರು ಇರಲೇಬೇಕಂತೆ. ಇರಲಿ, ಅದನ್ನು ಹೊಲಿದುಕೊಡುತ್ತೇನೆ ಎಂದೆ. ಓರೆ ಹೊಲಿಗೆಯ ಒಳಮಡಿಕೆಯಲ್ಲಿ ಕೆಂಪು ದಾರದಿಂದ ಊರಿನ ಹೆಸರು ಕಸೂತಿ ಹಾಕುತ್ತೇನೆ, ಕದ್ದುಮುಚ್ಚಿ ಅಲ್ಲ, ನಿಮ್ಮ ಎದುರೇ ಎಂದೆ. ಅದನ್ನು ತೆಗೆಯಬೇಕಾದರೆ ಹೊಲಿಗೆ ಬಿಚ್ಚಬೇಕು. ಹೊಲಿಗೆ ಬಿಚ್ಚಿದರೆ ಪೋಲ್ಕವೇ ಇರುವುದಿಲ್ಲ. ಒಪ್ಪಿಗೆ ಇದ್ದರೆ ಒಯ್ಯಿರಿ, ಇಲ್ಲದಿದ್ದರೆ ಹನ್ನೆರಡನ್ನೂ ಇಲ್ಲೇ ಬಿಟ್ಟು ಹೋಗಿ, ತೊಡುವವರು ನಮ್ಮಲ್ಲಿ ಇದ್ದಾರೆ ಎಂದೆ.

ಅವಳು ಬಹಳ ಹೊತ್ತು ಪೋಲ್ಕದ ಒಳಮೈ ತಿರುವಿ ನೋಡಿದಳು. “ಯಾವ ಬಣ್ಣ ಅಂದ್ರಿ?”

“ಕೆಂಪು.”

“ಹಾಕಿ.”

ನಾನು ಸೂಜಿಗೆ ದಾರ ಪೋಣಿಸಿ, ಸೀಮೆಸುಣ್ಣದಲ್ಲಿ ‘ಸಿದ್ದಾಪುರ’ ಎಂದು ಬರೆಯಲು ಹೊರಟೆ. ಅತ್ತೆ ಬಾಳಿದ ಊರು, ಹೆಚ್ಚು ಪೋಲ್ಕ ಹೊಲಿದದ್ದು ಅಲ್ಲಿಯೇ. ಅತ್ತೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ನನ್ನ ಕೈ ಹಿಡಿದರು.

“ಎಂತ ಬರೀತಾ ಇದ್ದೆ? ಯಲ್ಲಾಪುರ ಹೇಳಿ ಬರಿ. ಸಿದ್ದಾಪುರಕ್ಕೆ ಕೊಟ್ಟಿದ್ದು ಎನ್ನ, ಹೊಲಿಗೆನ ಅಲ್ಲ.”

ಡಿಸೈನರಳಿಗೆ ಮಾತು ಅರ್ಥವಾಗಲಿಲ್ಲ, ಆದರೂ ನಕ್ಕಳು. ನಾನು ಸೀಮೆಸುಣ್ಣ ಒರೆಸಿ ಮತ್ತೆ ಬರೆದೆ, ಕಸೂತಿ ಶುರುಮಾಡಿದೆ. ಮೊದಲನೆಯದು ಮುಗಿದಾಗ ಅತ್ತೆ ಅದನ್ನು ಕಣ್ಣಿಗೆ ಕಾಣಲಾರದೆ ಬೆರಳಿನಿಂದ ತಡವಿದರು, ಅಕ್ಷರ ಅಕ್ಷರವಾಗಿ, ಎಡದಿಂದ ಬಲಕ್ಕೆ.

“‘ಲಾ’ದ ಅಡಿಗೆ ಒತ್ತು ಎಲ್ಲಿ ಹೋತೇ?”

ನೋಡಿದೆ. ‘ಯಲಾಪುರ’ ಎಂದು ಹಾಕಿದ್ದೆ.

“ಬಿಚ್ಚು” ಎಂದರು.

ಬಿಚ್ಚಿದೆ.